ಕೋಡಿ ನೀರಿಗೆ ಎಷ್ಟು ಶಟರ್?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕೆರೆ ಕೋಡಿ ಬಿತ್ತೆಂದರೆ ಅದು ಸುದ್ದಿ. ಮಲೆನಾಡಿನವರಿಗೆ ಇದರ ಸಂಭ್ರಮ ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆಯೇ ಆರುನೂರು ಮಿಲಿಮೀಟರಿನ ಆಸುಪಾಸು. ಅದರಲ್ಲೂ ಕೆರೆಗೆ ನೀರು ತರುವುದು ಸೆಪ್ಟೆಂಬರ್-ಅಕ್ಟೋಬರಿನ ಮಳೆ. ಉತ್ತೆ, ಹಸ್ತ, ಚಿತ್ತೆ ಮೂರೂ ಕೈಕೊಟ್ಟರೆ ಆ ವರ್ಷ ಕೆರೆಯಂಗಳದಲ್ಲಿ ಜಾಲಿಗಿಡವೇ ಗತಿ. ತಮ್ಮೂರ ಕೆರೆ ಕೋಡಿ ಬಿದ್ದದ್ದನ್ನು ಒಮ್ಮೆಯೂ ನೋಡದೆ ಹೈಸ್ಕೂಲು ಮುಗಿಸಿದ ಮಕ್ಕಳು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಹಾಗಾಗಿ ಕೋಡಿ ಬಿದ್ದ ದಿನ ಊರಿಗೆ ಊರೇ ಅಲ್ಲಿರುತ್ತದೆ. ಹೆಂಗಸರು ಅರಿಶಿನ-ಕುಂಕುಮ, ಬಾಗಿನ ತರುತ್ತಾರೆ, ಹುಡುಗರು ಮೀನಿಗೆಂದು ಹಳೇ ಸೊಳ್ಳೆಪರದೆ ತರುತ್ತಾರೆ, ಫೋನು ಎಲ್ಲರ ಕೈಯಲ್ಲೂ ಇರುತ್ತದೆ.

2022ರಲ್ಲಿ ಹೀಗೇ ಆಯಿತು. ತುಮಕೂರು ಜಿಲ್ಲೆಯಲ್ಲಿ ವರ್ಷಗಟ್ಟಲೆ ತುಂಬದಿದ್ದ ಕೆರೆಗಳೂ ತುಂಬಿ ಹರಿದವು. ಮರುವರ್ಷ ಮಳೆ ಹೋಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಒಂದು ವರ್ಷ ಕೋಡಿ, ಮರುವರ್ಷ ಟ್ಯಾಂಕರು. ನಡುವೆ ಉಳಿದದ್ದು ಫೋಟೊಗಳು.

ಆ ಫೋಟೊಗಳಲ್ಲಿ ಎರಡು ಜಾತಿ. ಒಂದರಲ್ಲಿ ನೀರು ಚೂರುಚೂರಾಗಿದೆ: ಹನಿ ಹನಿಯೂ ಗಾಳಿಯಲ್ಲಿ ನಿಂತಿದೆ, ನೊರೆಯ ಗುಳ್ಳೆ ಎಣಿಸಬಹುದು, ತೇಲಿಬಂದ ಕಡ್ಡಿಯ ತೊಗಟೆಯೂ ಕಾಣುತ್ತದೆ. ಇನ್ನೊಂದರಲ್ಲಿ ಹನಿಯೇ ಇಲ್ಲ. ಕೋಡಿಯ ಕಲ್ಲುಗಳ ಮೇಲೆ ಯಾರೋ ಹಾಲು ಸುರಿದಂತೆ ಬಿಳುಪು ನುಣ್ಣಗೆ ಇಳಿದಿದೆ. ಮೊದಲನೆಯದಕ್ಕೆ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದಿತ್ತು, ಎರಡನೆಯದಕ್ಕೆ ಅರ್ಧ ಸೆಕೆಂಡೋ ಎರಡು ಸೆಕೆಂಡೋ. ಈ ಎರಡನೆಯ ಬಗೆಯ ಮೇಲೆ ಫೋಟೊಗ್ರಾಫರ್‌ಗಳ ನಡುವೆ ಹಳೇ ಜಗಳವಿದೆ. ನೀರು ತುಂಬಿ ತುಳುಕುವ ಊರುಗಳಲ್ಲಿ ಅದು ಬರೀ ರುಚಿಯ ಜಗಳ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೆ ಬೇರೆ ತೂಕ ಬರುತ್ತದೆ ಎಂಬುದು ನನ್ನ ಅನಿಸಿಕೆ, ಯಾಕೆಂದರೆ ಇಲ್ಲಿ ನೀರಿನ ಚಿತ್ರ ಅಂದದ ವಸ್ತುವಾಗಿರುವಷ್ಟೇ ಸಾಕ್ಷಿಯೂ ಆಗಿರುತ್ತದೆ.

ಮೊದಲು ಸ್ವಲ್ಪ ಲೆಕ್ಕ. ಒಂದು ಮೀಟರ್ ಎತ್ತರದ ಕೋಡಿಯಿಂದ ಬಿದ್ದ ನೀರು ಕೆಳಗಿನ ಕಲ್ಲು ಮುಟ್ಟುವ ಹೊತ್ತಿಗೆ ಅದರ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. ಶಟರ್ 1/1000 ಇದ್ದರೆ ಆ ಹನಿ ಅಷ್ಟರಲ್ಲಿ ಸರಿಯುವುದು ನಾಲ್ಕೂವರೆ ಮಿಲಿಮೀಟರಿಗೂ ಕಡಿಮೆ. ಹನಿ ಹನಿಯಾಗಿಯೇ ಕಾಣುತ್ತದೆ. 1/60 ಇದ್ದರೆ ಏಳು ಸೆಂಟಿಮೀಟರಿನ ಗೆರೆ. ಇನ್ನು ಕೋಡಿಯ ಅಂಚು ಬಿಟ್ಟ ಹನಿ ಒಂದು ಮೀಟರ್ ಇಳಿಯಲು ತೆಗೆದುಕೊಳ್ಳುವ ಹೊತ್ತು 0.45 ಸೆಕೆಂಡ್. ಅಂದರೆ ಅರ್ಧ ಸೆಕೆಂಡ್ ತೆರೆದಿಟ್ಟರೆ ಪ್ರತಿ ಹನಿಯೂ ಅಂಚಿನಿಂದ ಬುಡದವರೆಗಿನ ತನ್ನ ಇಡೀ ದಾರಿಯನ್ನು ಬರೆದು ಮುಗಿಸಿರುತ್ತದೆ. ಅಲ್ಲಿಂದಾಚೆ ಎರಡು ಸೆಕೆಂಡ್, ಎಂಟು ಸೆಕೆಂಡ್ ಎಂದು ಎಳೆದರೆ ಹೊಸ ದಾರಿ ಏನೂ ಸಿಗುವುದಿಲ್ಲ. ಬರೆದದ್ದರ ಮೇಲೇ ಬರೆದು ನುಣುಪು ಹೆಚ್ಚುತ್ತದೆ, ಅಷ್ಟೇ. ಈ ಅರ್ಧ ಸೆಕೆಂಡಿನ ಗಡಿಯನ್ನು ನೆನಪಿಟ್ಟುಕೊಂಡರೆ ಮುಂದಿನ ವಾದ ಸುಲಭವಾಗುತ್ತದೆ.

ಬೆಳಕಿನ ಲೆಕ್ಕವೂ ಇದೆ. ಚುರುಗುಟ್ಟುವ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ ಎಫ್/16 ಇಟ್ಟರೆ ಶಟರ್ 1/125ರ ಹತ್ತಿರ ನಿಲ್ಲುತ್ತದೆ. ಅದನ್ನು ಅರ್ಧ ಸೆಕೆಂಡಿಗೆ ಇಳಿಸಬೇಕಾದರೆ ಬೆಳಕನ್ನು 64 ಪಟ್ಟು ಕಡಿಮೆ ಮಾಡುವ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಬೇಕು. ಹತ್ತು ಸ್ಟಾಪಿನದಾದರೆ ನೇರ ಎಂಟು ಸೆಕೆಂಡಿಗೆ ಹೋಗಿಬಿಡುತ್ತದೆ. ಕೋಡಿ ಬೀಳುವ ಕಾಲದಲ್ಲಿ ಹೇಗೂ ಮೋಡವಿರುವುದರಿಂದ ಸಂಜೆಯ ಹೊತ್ತಿಗೆ ಒಂದು ಪೋಲರೈಸರ್ ಮತ್ತು ಗಟ್ಟಿಯಾದ ಟ್ರೈಪಾಡ್ ಸಾಕಾಗುವುದೇ ಹೆಚ್ಚು. ಪೇಟೆಯಲ್ಲಿ ಹತ್ತು ಸ್ಟಾಪಿನ ಫಿಲ್ಟರನ್ನೇ ಮೊದಲು ಮಾರುತ್ತಾರೆ. ಕೋಡಿ ನೀರಿಗೆ ಅದು ಅನಗತ್ಯ ಖರ್ಚು.

ಈಗ ಸ್ಲೋ ಶಟರ್ ಪರವಾದ ವಾದ. ಇದನ್ನು ಹಗುರವಾಗಿ ತಳ್ಳಿಹಾಕುವವರು ಒಂದು ಚರಿತ್ರೆ ಮರೆಯುತ್ತಾರೆ. ಫೋಟೊಗ್ರಫಿ ಹುಟ್ಟಿದಾಗ ಎಲ್ಲ ನೀರೂ ಹೀಗೇ ಕಾಣುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಗಾಜಿನ ಪ್ಲೇಟಿಗೆ ಒದ್ದೆ ರಾಸಾಯನಿಕ ಬಳಿದು, ಸೆಕೆಂಡುಗಟ್ಟಲೆ ಬೆಳಕು ಕೊಟ್ಟರೆ ಮಾತ್ರ ಚಿತ್ರ. 1872ರಲ್ಲಿ ಎಡ್ವರ್ಡ್ ಮೈಬ್ರಿಜ್ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ತೆಗೆದ ಜಲಪಾತಗಳು ಮಂಜಿನಂತಿರುವುದು ಆತ ಬಯಸಿದ್ದರಿಂದಷ್ಟೇ ಅಲ್ಲ. ಪ್ಲೇಟಿಗೆ ಅದಕ್ಕಿಂತ ಬೇಗ ನೋಡಲು ಬರುತ್ತಿರಲಿಲ್ಲ. ಅದಕ್ಕೂ ಮೊದಲು 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಅಲೆಯನ್ನು ನಿಲ್ಲಿಸಿದ ಚಿತ್ರ ತೋರಿಸಿದಾಗ ಜನ ಬೆರಗಾದರು. ಆಗ ಪವಾಡವೆಂದರೆ ನಿಂತ ಅಲೆ. ಈಗ ಯಾವ ಫೋನಾದರೂ ಅಲೆಯನ್ನು ನಿಲ್ಲಿಸುತ್ತದೆ, ಹಾಗಾಗಿ ಹರಿಯುವ ಅಲೆಯೇ ವಿಶೇಷವಾಗಿದೆ. ರುಚಿ ತಿರುಗುಮುರುಗಾದದ್ದು ಯಂತ್ರದಿಂದ.

ಇನ್ನೊಂದು ಮಾತು: ಶಟರ್ ಬೇಗ ಮುಚ್ಚಿದರೆ ಸತ್ಯ, ತಡವಾಗಿ ಮುಚ್ಚಿದರೆ ಸುಳ್ಳು ಎಂಬ ಲೆಕ್ಕ ನಿಲ್ಲುವುದಿಲ್ಲ. ಗಾಜಿನ ಮಣಿಯಂತೆ ಗಾಳಿಯಲ್ಲಿ ತೂಗುವ ಹನಿಯನ್ನು ಯಾವ ಮನುಷ್ಯನ ಕಣ್ಣೂ ನೋಡಿಲ್ಲ. ಹಾಲಿನ ಹನಿ ಬಿದ್ದು ಕಿರೀಟದಂತೆ ಏಳುವುದನ್ನು ಹೆರಾಲ್ಡ್ ಎಜರ್ಟನ್ ಮಿಂಚುದೀಪ ಹಾಕಿ ಹಿಡಿದು ತೋರಿಸಿದ; ಆ ಆಕಾರ ಬರಿಗಣ್ಣಿಗೆ ಸಿಕ್ಕುವಂಥದ್ದಲ್ಲ. ಹಾಗೆಂದು ಅದನ್ನು ಯಾರೂ ಸುಳ್ಳೆನ್ನಲಿಲ್ಲ. ಕಣ್ಣಿಗೆ ಕಾಣದ ವೇಗವನ್ನು ತೋರಿಸುವ ಹಕ್ಕು ಕ್ಯಾಮೆರಾಗಿದ್ದರೆ, ಕಣ್ಣಿಗೆ ಕಾಣದ ನಿಧಾನವನ್ನು ತೋರಿಸುವ ಹಕ್ಕೂ ಇರಬೇಕು. ನೀರಿನ ಹರಿವನ್ನು ಓದುವ ಎಂಜಿನಿಯರುಗಳೂ ಎರಡು ಬೇರೆ ಲೆಕ್ಕ ಇಟ್ಟುಕೊಳ್ಳುತ್ತಾರೆ: ಸರಾಸರಿ ಹರಿವು ಒಂದು, ಅದರ ಮೇಲೆ ಏಳುವ ಕ್ಷಣಕ್ಷಣದ ಗಲಿಬಿಲಿ ಇನ್ನೊಂದು. ಸ್ಲೋ ಶಟರ್ ಕೊಡುವುದು ಮೊದಲನೆಯದನ್ನು.

ಹಳೇ ಕೆರೆಗಳ ಕೋಡಿಯಲ್ಲಿ ಇದರ ಉಪಯೋಗ ನೇರವಾಗಿ ಕಾಣಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಜೋಡಿಸಿದ ಕೋಡಿಯ ಮೇಲೆ ನೀರು ಹೊರಳುವಾಗ 1/1000ರ ಚಿತ್ರದಲ್ಲಿ ಬರೀ ಎರಚಾಟ. ಎಲ್ಲೆಲ್ಲೂ ಹನಿ, ಎಲ್ಲೆಲ್ಲೂ ಮಿನುಗು. ಕಾಲು ಸೆಕೆಂಡಿನ ಚಿತ್ರದಲ್ಲಿ ಗಲಾಟೆ ತಣ್ಣಗಾಗಿ ದಾರಿ ಏಳುತ್ತದೆ: ನೀರು ಎಡಗಡೆ ದಪ್ಪ, ಬಲಗಡೆ ತೆಳು, ಮೂರನೇ ಸಾಲಿನ ಒಂದು ಕಲ್ಲು ಜಾರಿದೆ, ಅಲ್ಲಿ ನೀರು ಮೇಲಿಂದ ಬೀಳದೆ ಸಂದಿಯಿಂದ ನುಗ್ಗುತ್ತಿದೆ. ಯಾವ ಮೂಲೆಗೆ ಗಾರೆ ಬೇಕೆಂದು ತಿಳಿಯಲು ಈ ಚಿತ್ರ ಒಳ್ಳೆಯದು. ಚೆಂದ ಕಾಣುವುದು ಮೇಲಿನ ಲಾಭ.

ಚೆಂದದ ಮಾತನ್ನೂ ಕೀಳಾಗಿ ಕಾಣಬೇಕಿಲ್ಲ. ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಹುಟ್ಟಿದ ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ, 1971ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿ, ಇಂಥ ಕೂಟಗಳು ಬೆಳೆಸಿದ ಸಲೂನ್, ಅಂದರೆ ಚಿತ್ರಪ್ರದರ್ಶನದ ಪರಂಪರೆ ನಮ್ಮಲ್ಲಿದೆ. ಹವ್ಯಾಸಿಗಳು ಬೆಳಕು, ಆಕಾರ, ಬಿಳಿ-ಕಪ್ಪಿನ ಶಿಸ್ತನ್ನು ಕಲಿತದ್ದು ಅಲ್ಲಿ. ಕಲ್ಲಿನ ಒರಟು, ನೀರಿನ ನುಣುಪು ಎದುರುಬದುರಾಗಿ ನಿಂತ ಚಿತ್ರ ಆ ಶಿಸ್ತಿನ ಒಳ್ಳೆಯ ಪಾಠ. ಟ್ರೈಪಾಡ್ ನಿಲ್ಲಿಸಿ, ಮೊದಲು ಫೋಕಸ್ ಮಾಡಿ ಆಮೇಲೆ ಫಿಲ್ಟರ್ ಹಾಕಿ, ಎರಡು ಸೆಕೆಂಡಿನ ಟೈಮರ್ ಇಟ್ಟು ಕಾಯುವವನು ಕೋಡಿಯ ಮುಂದೆ ಸೆಲ್ಫಿಯವನಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾನೆ, ಹೆಚ್ಚು ನೋಡುತ್ತಾನೆ.

ಎದುರು ಪಕ್ಷದವರ ಮೊದಲ ದೂರು: ಎಲ್ಲ ನೀರೂ ಒಂದೇ ಆಗಿಬಿಡುತ್ತದೆ. ಇದಕ್ಕೆ ಜೋಗಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 253 ಮೀಟರ್ ಎತ್ತರದಿಂದ ಶರಾವತಿ ನಾಲ್ಕು ಕವಲಾಗಿ ಬೀಳುತ್ತಾಳೆ. ರಾಜ ಒಂದೇ ಕಂಬವಾಗಿ ನೇರ ಇಳಿಯುತ್ತಾನೆ, ರೋರರ್ ಬಂಡೆಗೆ ಬಡಿದು ಗರ್ಜಿಸುತ್ತಾನೆ, ರಾಕೆಟ್ ಬಾಣ ಬಿಟ್ಟಂತೆ ಚಿಮ್ಮುತ್ತಾನೆ, ರಾಣಿ ಬಂಡೆಯ ಮೈಮೇಲೆ ನೊರೆಯಾಗಿ ಹರಡಿಕೊಳ್ಳುತ್ತಾಳೆ. ಹೆಸರಿಟ್ಟವರು ನೀರಿನ ನಡಿಗೆ ನೋಡಿ ಹೆಸರಿಟ್ಟರು. ಎರಡು ಸೆಕೆಂಡ್ ಶಟರ್ ಇಟ್ಟು ತೆಗೆಯಿರಿ, ನಾಲ್ವರೂ ರಾಣಿಯರೇ. ರಾಕೆಟ್ಟಿನ ಚಿಮ್ಮು ಮಾಯ, ರೋರರ್‌ನ ಗದ್ದಲ ಮಾಯ. ಜೋಗ ಬಿಟ್ಟು ಕೊಡಗಿಗೆ ಹೋದರೂ, ಹೊಗೇನಕಲ್ಲಿಗೆ ಹೋದರೂ ಅದೇ ಬಿಳಿ. ಶಿರಾ ರಸ್ತೆಯಲ್ಲಿ ಕಾಲುವೆಗೆ ನೀರು ಬಂದಾಗ ಹಾಕುವ ಫ್ಲೆಕ್ಸುಗಳಲ್ಲಿ ಹೇಮಾವತಿಯ ಹಿನ್ನೆಲೆಗೆ ಎಲ್ಲಿಯದೋ ಜಲಪಾತ ಇಳಿಯುತ್ತಿದ್ದರೆ ಯಾರೂ ಹುಬ್ಬೇರಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ನಿಜದಲ್ಲಿ ಗೊರೂರಿನಿಂದ ಬಾಗೂರು-ನವಿಲೆ ಸುರಂಗ ದಾಟಿ ಬಂದು, ಕಳ್ಳಂಬೆಳ್ಳ ಕೆರೆ ಸೇರುವ ಹೇಮಾವತಿ ಸದ್ದಿಲ್ಲದ ಕಾಲುವೆ ನೀರು. ಅದಕ್ಕೆ ಯಾವ ಶಟರ್ ಇಟ್ಟರೂ ಅಂಥ ವ್ಯತ್ಯಾಸವೇನಿಲ್ಲ.

ಎರಡನೆಯ ದೂರು ಹೆಚ್ಚು ಗಟ್ಟಿಯಾದದ್ದು, ಅದು ಇದೇ ಸೀಮೆಯದು. ಪಾವಗಡದ ರೈತರಿಗೆ ಹರಿಯುವ ನೀರೆಂದರೆ ವರ್ಷದ ಬಹುಪಾಲು ದಿನ ಬೋರಿನ ಪೈಪಿನಿಂದ ಬೀಳುವ ನೀರು. ಅದನ್ನು ಅವರು ಇಂಚಿನಲ್ಲಿ ಓದುತ್ತಾರೆ. "ಎಷ್ಟಿಂಚು ಐತೆ?" "ಒಂದೂವರೆ ಇಂಚು." ಪೈಪಿನ ಬಾಯಿಂದ ಧಾರೆ ಎಷ್ಟು ದೂರ ಹೋಗಿ ಬೀಳುತ್ತದೆ, ಎಷ್ಟು ತುಂಬಿ ಬರುತ್ತದೆ ಎಂಬುದನ್ನು ನೋಡಿಯೇ ಹೇಳಿಬಿಡುತ್ತಾರೆ. ಬೋರು ಸೋಲತೊಡಗಿದಾಗ ಮೊದಲ ಗುರುತು ಕಾಣುವುದೂ ಅಲ್ಲೇ: ಧಾರೆ ಒಂದೇ ಸಮ ಬರುವುದಿಲ್ಲ, ಗಾಳಿ ನುಂಗಿ ಕೆಮ್ಮುತ್ತದೆ, ಒಮ್ಮೆ ಭರ್ರನೆ ಬಂದು ಮತ್ತೆ ಸೊರಗುತ್ತದೆ. ಬೋರು ಗ್ಯಾಪ್ ಕೊಡುತ್ತಿದೆ ಎನ್ನುವುದು ಇದಕ್ಕೇ. ಸಾವಿರ ಅಡಿ ಕೊರೆದು ಸಾಲ ಮಾಡಿಕೊಂಡವನ ಎದೆ ಒಡೆಯುವುದು ಆ ಗ್ಯಾಪ್ ನೋಡಿ. ಈಗ ಆ ಪೈಪಿನ ಮುಂದೆ ಕ್ಯಾಮೆರಾ ಇಟ್ಟು ಎರಡು ಸೆಕೆಂಡ್ ತೆರೆಯಿರಿ. ಬಂದ ನೀರು, ಬಾರದ ಗಾಳಿ ಎಲ್ಲ ಕಲಸಿ ತುಂಬುಧಾರೆಯೊಂದು ನುಣ್ಣಗೆ ನಿಂತಿರುತ್ತದೆ. ಸಾಯುತ್ತಿರುವ ಬೋರು ಆರೋಗ್ಯವಾಗಿ ಕಾಣುತ್ತದೆ.

ಕೋಡಿಯಲ್ಲೂ ಇದೇ ಮೋಸ ನಡೆಯುತ್ತದೆ. ಬೆರಳುದಪ್ಪ ನೀರು ಅಲ್ಲಲ್ಲಿ ತೊಟ್ಟಿಕ್ಕುತ್ತಿದ್ದರೂ, ಒಂದು ಎಳೆ ಬಲಕ್ಕೆ, ಒಂದು ಎಳೆ ಎಡಕ್ಕೆ ಓಲಾಡುತ್ತಾ ಬಿದ್ದರೂ ನಾಲ್ಕು ಸೆಕೆಂಡಿನಲ್ಲಿ ಅವೆಲ್ಲ ಕೂಡಿ ಅಗಲವಾದ ಪರದೆಯಾಗುತ್ತವೆ. ನೀರು ಕಡಿಮೆ ಇದ್ದಷ್ಟೂ ಸ್ಲೋ ಶಟರ್ ಉದಾರಿ. ಇದರ ತಿರುಗುಮುರುಗು ಇನ್ನೂ ಅಪಾಯದ್ದು. ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ ಬಹುಕಾಲ ಮರಳಿನ ಹಾಸು. ಅಂತ್ಯ ಸುಬ್ರಹ್ಮಣ್ಯನ ದರ್ಶನಕ್ಕೆ ಬಂದವರಿಗೆ ಅದು ನದಿ ಎಂದು ಹೇಳಿದರೂ ನಂಬಿಕೆ ಬರುವುದಿಲ್ಲ. ಬಂದರೆ ಮಾತ್ರ ದಿಢೀರನೆ ಬರುತ್ತದೆ, ಕೆಂಪಗೆ, ಗಿಡಗಂಟಿ ಎಳೆದುಕೊಂಡು, ಸುಳಿ ತಿರುಗಿಸುತ್ತಾ. ಅಂಥ ನೀರಿನ ಮೇಲೆ ಎಂಟು ಸೆಕೆಂಡಿನ ಶಟರ್ ಇಟ್ಟರೆ ಸುಳಿಯೂ ಇಲ್ಲ, ಅಲೆಯೂ ಇಲ್ಲ. ಮಂಜು ಕವಿದ ಬಯಲಿನಂಥ ಚಿತ್ರ ಸಿಗುತ್ತದೆ. ಆ ಚಿತ್ರ ನೋಡಿದವನಿಗೆ ಕಿರುಸೇತುವೆ ಮೇಲೆ ಬೈಕ್ ಓಡಿಸಬಹುದು ಅನ್ನಿಸಿದರೆ ಆಶ್ಚರ್ಯವಿಲ್ಲ. ಕಡಿಮೆ ನೀರನ್ನು ಹೆಚ್ಚು ಮಾಡಿ ತೋರಿಸುವುದು, ಹೆಚ್ಚು ನೀರನ್ನು ಸಾಧು ಮಾಡಿ ತೋರಿಸುವುದು, ಎರಡೂ ಒಂದೇ ಗುಂಡಿ ಒತ್ತಿದ ಫಲ. ಪ್ರವಾಹದ ಸುದ್ದಿಚಿತ್ರಕ್ಕೆ ಸ್ಲೋ ಶಟರ್ ಇಡುವುದನ್ನು ನಾನಂತೂ ಒಪ್ಪುವುದಿಲ್ಲ. ಅಲ್ಲಿ 1/500ಕ್ಕಿಂತ ಇಳಿಯಬಾರದು.

ಮೂರನೆಯದು ಜನ. ಕೋಡಿ ಬಿದ್ದ ದಿನದ ಸುದ್ದಿ ನೀರಿನಷ್ಟೇ ನೀರಿನ ಸುತ್ತಲಿನವರದೂ ಹೌದು. ಹತ್ತು ಸ್ಟಾಪಿನ ಫಿಲ್ಟರ್ ಹಾಕಿ ಎಂಟು ಸೆಕೆಂಡ್ ತೆರೆದರೆ ನೀರಿಗಿಳಿದ ಹುಡುಗರು ಹೊಗೆಯಾಗುತ್ತಾರೆ, ಇನ್ನೂ ಎಳೆದರೆ ಪೂರ್ತಿ ಅಳಿಸಿಹೋಗುತ್ತಾರೆ. ನೂರಾರು ಜನ ನೆರೆದಿದ್ದ ಜಾಗ ಕಾಡಿನ ನಡುವಿನ ಏಕಾಂತವೆಂಬಂತೆ ಕಾಣುತ್ತದೆ. ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ, ಜನ ಅಡ್ಡಬಂದರೆಂದು ಬೈದುಕೊಳ್ಳುತ್ತಲೂ ಇರುತ್ತಾರೆ. ಬಾಗಿನ ಬಿಡಲು ಬಂದ ಹೆಂಗಸರು ಯಾರಿಗೆ ಅಡ್ಡ? ಆದರೆ ಈ ದೂರಿಗೆ ಸ್ಲೋ ಶಟರಿನ ಪಕ್ಷದಲ್ಲೂ ಉತ್ತರವಿದೆ. 1/4 ಸೆಕೆಂಡಿನಲ್ಲಿ ಕಲ್ಲಿನ ಮೇಲೆ ಕೈಕಟ್ಟಿ ನಿಂತ ಮುದುಕರೊಬ್ಬರು ಚೂಪಾಗಿಯೇ ಬರುತ್ತಾರೆ. ಸುತ್ತ ಕುಣಿಯುವ ಮಕ್ಕಳು, ಇಳಿಯುವ ನೀರು ಮಾತ್ರ ಅಳ್ಳಾಡುತ್ತವೆ. ಹೊತ್ತು ಮುಳುಗಿದ ಮೇಲೆ ಶಟರ್ ಮುಚ್ಚುವ ಕೊನೆಗಳಿಗೆಯಲ್ಲಿ ಸಣ್ಣ ಫ್ಲಾಶ್ ಬೀಳುವಂತೆ ಮಾಡಿದರೆ ಮುಖ ನಿಂತು ನೀರು ಹರಿಯುತ್ತದೆ. 1/1000ರಲ್ಲಿ ಎಲ್ಲರೂ ಸಮನಾಗಿ ಗಡ್ಡೆಕಟ್ಟಿದಾಗ ಯಾರು ಸುಮ್ಮನಿದ್ದರು, ಯಾರು ಓಡುತ್ತಿದ್ದರು ಎಂಬುದೇ ಗೊತ್ತಾಗುವುದಿಲ್ಲ. ಈ ಒಂದು ವಿಷಯದಲ್ಲಿ ಎರಡೂ ಕಡೆ ತೂಕ ಸಮವೆಂದೇ ಹೇಳಬೇಕು.

ಬಣ್ಣದ ಮಾತಿನಲ್ಲಿ ನನಗೆ ಅಂಥ ಸಮಾಧಾನವಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾಯ್ದು ಉತ್ತರ ಪಿನಾಕಿನಿಗೆ ಸೇರುವ ಜಯಮಂಗಲಿ ನಮ್ಮ ಫೋಟೊಗ್ರಾಫರ್‌ಗಳಿಗೆ ಹೆಚ್ಚಾಗಿ ಗೊತ್ತಿರುವುದು ಕೃಷ್ಣಮೃಗದಿಂದ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ದೊಡ್ಡ ಲೆನ್ಸ್ ಹೊತ್ತು ಅಲ್ಲಿಗೆ ಹೋಗುವ ಎಷ್ಟೋ ಜನ ಆ ಹೆಸರಿನ ಹೊಳೆಯನ್ನು ನೋಡಿರುವುದಿಲ್ಲ. ನೋಡಲು ಅದು ಹರಿಯಬೇಕಲ್ಲ! ಹರಿದಾಗ ಅದರ ಬಣ್ಣ ಕೆಮ್ಮಣ್ಣಿನದು. ಗೋಮಾಳದ, ಗುಡ್ಡದ ಮೇಲ್ಮಣ್ಣು ಕೊಚ್ಚಿಬರುತ್ತಿರುವುದರ ಲೆಕ್ಕ ಆ ಕೆಂಪಿನಲ್ಲಿದೆ. ಸ್ಲೋ ಶಟರ್ ತಾನಾಗಿ ಆ ಬಣ್ಣವನ್ನು ಅಳಿಸುವುದಿಲ್ಲ. ನೊರೆಯ ಬಿಳಿ ಅದರಲ್ಲಿ ಬೆರೆತು ಸ್ವಲ್ಪ ತಿಳಿಯಾಗುತ್ತದೆ, ಅಷ್ಟೇ. ಅಳಿಸುವುದು ಆಮೇಲೆ ಕಂಪ್ಯೂಟರಿನ ಮುಂದೆ ಕೂತಾಗ. ಹಾಲಿನಂಥ ನೀರಿಗೆ ಕೆಂಪು ಹೊಂದುವುದಿಲ್ಲವೆಂದು ಬಣ್ಣ ಇಳಿಸಿ, ಒಂದಿಷ್ಟು ನೀಲಿ ಸೇರಿಸಿ ಜಯಮಂಗಲಿಯನ್ನು ತುಂಗೆ ಮಾಡಿಬಿಡುತ್ತಾರೆ. ಶಟರನ್ನು ಕ್ಷಮಿಸಬಹುದು, ಇದನ್ನು ಕ್ಷಮಿಸಲಾಗದು. ಅಗ್ಗದ ಎನ್‌ಡಿ ಫಿಲ್ಟರುಗಳು ತಮ್ಮದೇ ಬಣ್ಣ ಹಚ್ಚುತ್ತವೆ ಎಂಬುದು ಬೇರೆ ಸಂಗತಿ. ಫಿಲ್ಟರ್ ಇಲ್ಲದೆ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಸರಿಮಾಡಿಕೊಳ್ಳಲು ಬರುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಜೋರು ಮಳೆ ಬಿದ್ದಾಗ ಅದರ ಬೋಳುಮೈ ಮೇಲೆ ಉದ್ದಕ್ಕೂ ನೀರಿನ ಬಿಳಿಗೆರೆಗಳು ಇಳಿಯುತ್ತವೆ. ಊರಿನಿಂದ ಅದನ್ನು ತೆಗೆಯುವವರು ಶಟರಿನ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಕಿಲೋಮೀಟರ್ ದೂರದ ನೀರು ಸೆನ್ಸರ್ ಮೇಲೆ ಸರಿಯುವುದು ಕೂದಲೆಳೆಯಷ್ಟು. 1/100 ಇಟ್ಟರೂ, 1/1000 ಇಟ್ಟರೂ ಅದೇ ಗೆರೆ.

ಇಷ್ಟು ಹೊತ್ತೂ ವೇಗದ ನೀರಿನ ಮಾತಾಯಿತು. ಈ ನಾಲ್ಕು ತಾಲ್ಲೂಕುಗಳ ನಿಜವಾದ ನೀರು ನಿಧಾನದ್ದು, ಅದರ ಹೆಸರು ತಲಪರಿಗೆ. ಹಳ್ಳದ ಮರಳಲ್ಲಿ, ಕೆರೆಯಂಗಳದಲ್ಲಿ, ಗುಡ್ಡದ ಬುಡದಲ್ಲಿ ತಾನಾಗಿ ಜಿನುಗುವ ಒರತೆಯನ್ನು ಗುರುತಿಸಿ, ಗುಂಡಿ ತೋಡಿ, ಅಂಚಿಗೆ ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆ ತೆಗೆದು ಕಟ್ಟೆಗೆ ತುಂಬಿಸಿ, ಸರದಿಯ ಪ್ರಕಾರ ಗದ್ದೆ-ತೋಟಕ್ಕೆ ಹಾಯಿಸುವ ಏರ್ಪಾಡು ಅದು. ವರ್ಷಕ್ಕೊಮ್ಮೆ ಪಾಲುದಾರ ರೈತರೆಲ್ಲ ಸೇರಿ ಹೂಳು ತೆಗೆಯಬೇಕು; ಬಾರದವನಿಗೆ ನೀರಿನ ಸರದಿ ಕೇಳಲು ಬಾಯಿರುವುದಿಲ್ಲ. ಕರೆಂಟಿಲ್ಲ, ಮೋಟಾರಿಲ್ಲ. ಮರಳು ಲಾರಿ ಹತ್ತಿಹೋದಂತೆ, ಬೋರುಗಳು ಆಳಕ್ಕಿಳಿದಂತೆ ಬಹಳಷ್ಟು ತಲಪರಿಗೆಗಳು ಬತ್ತಿವೆ. ಉಳಿದವು ಇನ್ನೂ ಅಲ್ಲಲ್ಲಿ ಹೊಂಗೆ, ಹುಣಿಸೆ ನೆರಳಿನಲ್ಲಿ ಜಿನುಗುತ್ತಿವೆ.

ಕ್ಯಾಮೆರಾದವರಿಗೆ ತಲಪರಿಗೆ ಕಷ್ಟದ ವಸ್ತು. ಒರತೆಯ ಕಣ್ಣಿನಲ್ಲಿ ಬಗ್ಗಿ ನೋಡಿದರೆ ಸಣ್ಣ ಮರಳುಕಣಗಳು ಕುದಿಯುವಂತೆ ಎದ್ದು ಬೀಳುತ್ತಿರುತ್ತವೆ. ಅದೊಂದೇ ಅಲ್ಲಿ ಜೀವಂತವಾಗಿ ಕಾಣುವ ಚಲನೆ. ಅದನ್ನು ಹಿಡಿಯಲು 1/500 ಬೇಕು. ಅರ್ಧ ಸೆಕೆಂಡ್ ಇಟ್ಟರೆ ಕಣಗಳೆಲ್ಲ ಮಬ್ಬಾಗಿ, ನೀರು ಕದಡಿದೆಯೇನೋ ಅನ್ನಿಸುತ್ತದೆ. ಅದೇ ತಲಪರಿಗೆಯಿಂದ ನಾಲ್ಕು ಮಾರು ಆಚೆ ಕಾಲುವೆಗೆ ಬನ್ನಿ. ನೀರು ನಿಂತೇ ಇದೆ ಅನ್ನಿಸುತ್ತದೆ. 1/500ರ ಚಿತ್ರದಲ್ಲಿ ಅದು ನಿಂತ ನೀರೇ. ಪಾಚಿಗಟ್ಟಿದ ಹೊಂಡಕ್ಕೂ ಇದಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಬೇಸಿಗೆಯಲ್ಲಿ ಹೊಂಗೆಯ ಹೂ ಉದುರಿ ಕಾಲುವೆಯ ತುಂಬ ಬಿದ್ದಿರುತ್ತದಲ್ಲ, ಆಗ ಶಟರನ್ನು 30 ಸೆಕೆಂಡ್ ತೆರೆದಿಡಬೇಕು. ಪ್ರತಿ ಹೂವೂ ಒಂದು ಗೆರೆ ಎಳೆಯುತ್ತದೆ. ನಡುವಿನಲ್ಲಿ ಉದ್ದ ಗೆರೆ, ದಡದ ಹತ್ತಿರ ಗಿಡ್ಡ, ಕಲ್ಲಿನ ಹಿಂದೆ ಸುತ್ತುಗೆರೆ, ಹುಲ್ಲಿಗೆ ಸಿಕ್ಕಿಕೊಂಡದ್ದು ಚುಕ್ಕೆಯಾಗಿಯೇ ಉಳಿದಿರುತ್ತದೆ. ಇಡೀ ಕಾಲುವೆ ನಡೆಯುತ್ತಿದೆ ಎಂಬುದು ಚಿತ್ರ ನೋಡಿದ ಮೇಲೇ ಕಣ್ಣಿಗೆ ತಿಳಿಯುತ್ತದೆ.

ಇಲ್ಲಿ ಸ್ಲೋ ಶಟರ್ ಬರೀ ಅಲಂಕಾರವೆಂಬ ಆಪಾದನೆ ಬಿದ್ದುಹೋಗುತ್ತದೆ. ಕಾಲುವೆಯಲ್ಲಿ ನೀರಿನ ವೇಗ ಅಳೆಯುವ ಹಳೇ ಕ್ರಮವೆಂದರೆ ತೇಲುವ ವಸ್ತುವೊಂದನ್ನು ಬಿಟ್ಟು, ಎಷ್ಟು ದೂರಕ್ಕೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುವುದು. ಹೊಂಗೆಹೂವಿನ ಚಿತ್ರ ಮಾಡಿರುವುದೂ ಅದನ್ನೇ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆದಿದ್ದರೆ, ಗೆರೆ 60 ಸೆಂಟಿಮೀಟರ್ ಇದ್ದರೆ, ಮೇಲ್ಮೈ ನೀರು ಸೆಕೆಂಡಿಗೆ ಎರಡು ಸೆಂಟಿಮೀಟರ್ ಹೋಗುತ್ತಿದೆ ಎಂದಾಯಿತು. ಕಾಲುವೆಯ ಅಗಲ, ಆಳ ಗೊತ್ತಿದ್ದರೆ ದಿನಕ್ಕೆಷ್ಟು ಕೊಡ ನೀರೆಂದು ಅಂದಾಜು ಹಾಕಬಹುದು. ತಳದಲ್ಲಿ ನೀರು ಮೇಲ್ಮೈಗಿಂತ ನಿಧಾನವಾದ್ದರಿಂದ ಲೆಕ್ಕದಲ್ಲಿ ಸ್ವಲ್ಪ ಕಳೆಯಬೇಕು. ಬರದ ವರ್ಷ ಅದೇ ಜಾಗದಲ್ಲಿ, ಅದೇ ಶಟರಿನಲ್ಲಿ ಇನ್ನೊಂದು ಚಿತ್ರ ತೆಗೆದರೆ ಗೆರೆ ಎಷ್ಟು ಗಿಡ್ಡವಾಗಿದೆ ಎಂಬುದೇ ತಲಪರಿಗೆಯ ಆರೋಗ್ಯದ ವರದಿ. ಹೂವು ತಾನಾಗಿ ಬೀಳದಿದ್ದರೆ ಕೈಯಿಂದ ಹಾಕಬಹುದೇ ಎಂದು ಶುದ್ಧವಾದಿಗಳು ಕೇಳುತ್ತಾರೆ. ಅಳತೆಗಾದರೆ ಧಾರಾಳವಾಗಿ ಹಾಕಬಹುದು. ಸ್ಪರ್ಧೆಗೆ ಕಳಿಸುವುದಾದರೆ ಅದನ್ನು ಹೇಳಿಬಿಡುವುದು ಒಳ್ಳೆಯದು.

ಹೀಗಾಗಿ ನನ್ನ ತೂಕ ಹೀಗೆ ನಿಲ್ಲುತ್ತದೆ. ಪ್ರವಾಹಕ್ಕೆ, ಬೋರಿನ ಪೈಪಿಗೆ, ಒರತೆಯ ಕಣ್ಣಿಗೆ ಬೇಗದ ಶಟರ್. ನಿಧಾನದ ಕಾಲುವೆಗೆ ದೀರ್ಘ ಶಟರ್. ಅಲ್ಲಿ ಅದಕ್ಕೆ ಬದಲಿಯೇ ಇಲ್ಲ. ಕೋಡಿ ಇವೆರಡರ ನಡುವೆ ಬೀಳುತ್ತದೆ. 1/30ರಿಂದ ಅರ್ಧ ಸೆಕೆಂಡಿನವರೆಗೆ ನೀರಿನ ದಾರಿಯೂ ಕಾಣುತ್ತದೆ, ಅದರ ಜೋರೂ ಅಷ್ಟಿಷ್ಟು ಉಳಿಯುತ್ತದೆ. ಎರಡು, ನಾಲ್ಕು, ಎಂಟು ಸೆಕೆಂಡಿನ ಕೋಡಿಚಿತ್ರಗಳಲ್ಲಿ ನನಗೆ ಕೆರೆಗಿಂತ ಫಿಲ್ಟರೇ ಹೆಚ್ಚು ಕಾಣುತ್ತದೆ. ಅದನ್ನು ಗೋಡೆಗೆ ಹಾಕಿಕೊಳ್ಳುವವರ ಜೊತೆ ಜಗಳವಿಲ್ಲ. ನಮ್ಮೂರ ಕೆರೆ 2022ರಲ್ಲಿ ಹೀಗೆ ಹರಿಯಿತು ಎಂದು ಪಂಚಾಯ್ತಿ ಕಚೇರಿಗೋ ಶಾಲೆಗೋ ಕೊಡುವುದಾದರೆ, ಅದೇ ಜಾಗದಲ್ಲಿ ನಿಂತು 1/500ರದೊಂದನ್ನೂ ತೆಗೆದು ಜೋಡಿಸಿ ಕೊಡಲಿ. ಖರ್ಚೇನಿಲ್ಲ, ಟ್ರೈಪಾಡ್ ಹೇಗೂ ಅಲ್ಲೇ ನಿಂತಿರುತ್ತದೆ.

ಜೊತೆಗೆ ತಾರೀಖು, ಕೋಡಿಯ ಮೇಲೆ ಎಷ್ಟು ನೀರಿತ್ತೆಂಬುದು, ಶಟರ್ ಎಷ್ಟೆಂಬುದು ಬೇಕು. ಕ್ಯಾಮೆರಾ, ಫೋನು ಎರಡೂ ತಾರೀಖನ್ನೂ ಶಟರನ್ನೂ ಫೋಟೊದ ಒಳಗೇ ಬರೆದಿಡುತ್ತವೆ. ನೀರಿನ ಮಟ್ಟವನ್ನು ಮಾತ್ರ ನಾವೇ ಬರೆಯಬೇಕು. ಎಡವಟ್ಟಾಗುವುದು ಹಂಚುವಾಗ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿದ್ದ ತಾರೀಖು-ಶಟರಿನ ವಿವರವೂ ಉದುರಿಹೋಗುತ್ತದೆ. ಊರಿನ ಗ್ರೂಪುಗಳಲ್ಲಿ ಸುತ್ತುವ ಕೋಡಿಚಿತ್ರಗಳ ಪಾಡು ಇದೇ. ಯಾವ ಕೆರೆ, ಯಾವ ದಿನ ಎಂದು ಚಿತ್ರವನ್ನು ಕೇಳಿ ಉತ್ತರ ಪಡೆಯುವಂತಿಲ್ಲ. ಅದೇ ಫೋಟೊವನ್ನು ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿದರೆ ವಿವರವೆಲ್ಲ ಹಾಗೇ ಹೋಗುತ್ತದೆ. ಮುಂದಿನ ಸಲ ಚಿತ್ತೆ ಮಳೆ ಹಿಡಿದು ಕೋಡಿ ಬಿದ್ದಾಗ ಹುಡುಗರಿಗೆ ಇದನ್ನೊಂದು ಹೇಳಿಕೊಟ್ಟಿರಬೇಕು. ಬುಡದ ಪಾಚಿಗಲ್ಲಿನ ಮೇಲೆ ಟ್ರೈಪಾಡ್ ಇಡಬೇಡಿರೆಂದೂ ಹೇಳಬೇಕು, ಅಲ್ಲಿ ಕ್ಯಾಮೆರಾಗಿಂತ ಮೊದಲು ಜಾರುವುದು ಕಾಲು.